2010ರ ಸ್ವಿಫ್ಟ್, ಎಡಬದಿಗೆ ಗುದ್ದು: ರಿಪೇರಿ ಮಾಡಿಸಲೇ, ಪೂರ್ಣ ನಷ್ಟವೆಂದು ಬಿಟ್ಟುಬಿಡಲೇ?

ಬನಶಂಕರಿ ಟೀಚರ್

ಎಲ್ಲರಿಗೂ ನಮಸ್ಕಾರ. ನನ್ನದು 2010ರ ಮಾರುತಿ ಸ್ವಿಫ್ಟ್, 1.2 ಪೆಟ್ರೋಲ್, ಬೆಳ್ಳಿ ಬಣ್ಣ, ಕೆಎ-05 ನೋಂದಣಿ. 15 ವರ್ಷ ತುಂಬಿದ ಮೇಲೆ ಆರ್‌ಟಿಒದಲ್ಲಿ ತಪಾಸಣೆ ಮಾಡಿಸಿ, ₹5,000 ಶುಲ್ಕ, ಹಸಿರು ತೆರಿಗೆ ಎಲ್ಲವನ್ನೂ ಕಟ್ಟಿ ನೋಂದಣಿಯನ್ನು ಇನ್ನು 5 ವರ್ಷಕ್ಕೆ ನವೀಕರಿಸಿಕೊಂಡಿದ್ದೇನೆ. ಎಂಜಿನ್‌ನಲ್ಲಿ ಏನೊಂದು ತಕರಾರೂ ಇಲ್ಲ.

ಬನಶಂಕರಿ ಎರಡನೇ ಹಂತದಲ್ಲಿ ಮೇನ್ ರಸ್ತೆಯಲ್ಲಿ ಹೋಗುತ್ತಿದ್ದಾಗ ಎಡಗಡೆಯ ಕ್ರಾಸ್‌ನಿಂದ ಒಂದು ಸಣ್ಣ ಗೂಡ್ಸ್ ವಾಹನ ನಿಲ್ಲದೆ ನುಗ್ಗಿ, ಎರಡು ಬಾಗಿಲುಗಳ ನಡುವೆ ಗುದ್ದಿತು. ಯಾರಿಗೂ ಪೆಟ್ಟಾಗಲಿಲ್ಲ, ಅದೇ ದೊಡ್ಡ ಸಮಾಧಾನ. ಹಿಂದಿನ ಎಡ ಬಾಗಿಲು ಒಳಕ್ಕೆ ಹೋಗಿ ಕಚ್ಚಿಕೊಂಡಿದೆ, ತೆರೆಯುವುದೇ ಇಲ್ಲ. ಮುಂದಿನದು ತೆರೆಯುತ್ತದೆ, ಆದರೆ ಸ್ವಲ್ಪ ಎತ್ತಿ ಹಿಡಿದು ಮುಚ್ಚಬೇಕು. ಎರಡು ಬಾಗಿಲುಗಳ ನಡುವಿನ ಕಂಬದ, ಅಂದರೆ ಪಿಲ್ಲರ್‌ನ ಬುಡ ಮತ್ತು ಬಾಗಿಲುಗಳ ಕೆಳಗೆ ಉದ್ದಕ್ಕೂ ಇರುವ ರನ್ನಿಂಗ್ ಬೋರ್ಡ್ ತಗ್ಗಾಗಿವೆ. ಹಿಂಬಾಗಿಲಿನ ಗಾಜು ಪುಡಿಪುಡಿ. ಸಂಚಾರ ಠಾಣೆಯಲ್ಲಿ ದೂರು ಕೊಟ್ಟು ಸ್ವೀಕೃತಿ ಪಡೆದಿದ್ದೇನೆ.

ವಿಮೆ ಸ್ವಂತ ಹಾನಿಯೂ ಸೇರಿದ ಪೂರ್ಣ ಪಾಲಿಸಿ. ಐಡಿವಿ, ಅಂದರೆ ಪಾಲಿಸಿಯಲ್ಲಿ ಕಾರಿಗೆ ಕಟ್ಟಿದ ಬೆಲೆ, ₹1,40,000. ಅಧಿಕೃತ ವರ್ಕ್‌ಶಾಪ್ ಒಂದರಲ್ಲಿ ಕೊಟ್ಟ ಅಂದಾಜು ₹1,18,000. "ಐಡಿವಿಯ ಶೇ. 75 ದಾಟಿತು, ಪೂರ್ಣ ನಷ್ಟ, ಗಾಡಿಯನ್ನು ಬಿಟ್ಟುಬಿಡಿ" ಎಂದು ಕೌಂಟರಿನಲ್ಲೇ ಹೇಳಿಬಿಟ್ಟರು. ನಮ್ಮ ಬೀದಿಯ ಕೊನೆಯ ಗ್ಯಾರೇಜಿನವರು ಎಳೆದು, ಪುಟ್ಟಿ ಹಾಕಿ, ಬಣ್ಣ ಹೊಡೆದು ₹28,000ಕ್ಕೆ ಮುಗಿಸಿಕೊಡುತ್ತೇನೆ ಎನ್ನುತ್ತಾರೆ. ಒಂದೇ ಗುದ್ದಿಗೆ ಇಷ್ಟು ಅಂತರದ ಎರಡು ಲೆಕ್ಕ ಹೇಗೆ ಸಾಧ್ಯ?

ದಿನವೂ ಕನಕಪುರ ರಸ್ತೆಯ ಶಾಲೆಗೆ ಇದೇ ಕಾರಿನಲ್ಲಿ ಹೋಗುತ್ತೇನೆ. ಹಿಂದಿನ ಸೀಟಿನಲ್ಲಿ ನನ್ನ ಮಗಳು, ಪಕ್ಕದ ಮನೆಯ ಹುಡುಗ. ಕಾರನ್ನು ಉಳಿಸಿಕೊಳ್ಳುವ ಆಸೆ ಇದೆ. ಆದರೆ ಮಕ್ಕಳನ್ನು ಧೈರ್ಯವಾಗಿ ಕೂರಿಸುವಂತಿದ್ದರೆ ಮಾತ್ರ. ತಿಳಿದವರು ದಯವಿಟ್ಟು ಹೇಳಿ.

ರಾಜಾಜಿನಗರ 02

ಬಿಟ್ಟುಬಿಡಿ ಮೇಡಂ. ಇಷ್ಟು ಹಳೆಯ ಕಾರಿಗೆ ಲಕ್ಷ ರೂಪಾಯಿ ಸುರಿಯುವುದು ನ್ಯಾಯವಲ್ಲ. ವಿಮಾ ಕಂಪನಿ ಕೊಡುವ ದುಡ್ಡಿಗೆ ಇನ್ನಷ್ಟು ಸೇರಿಸಿ ಸ್ವಲ್ಪ ಹೊಸದನ್ನು ಕೊಳ್ಳಿ. ಬದಿಗೆ ಪೆಟ್ಟು ಬಿದ್ದ ಗಾಡಿ ಮತ್ತೆ ಮೊದಲಿನಂತೆ ಆಗುವುದಿಲ್ಲ.

ಹಳೆಯ ಎಸ್ಟೀಮ್

ಮೇಲಿನವರ ಮಾತನ್ನು ನಾನು ಒಪ್ಪುವುದಿಲ್ಲ. ₹1,40,000ಕ್ಕೆ ಹೊರಗಡೆ ಸಿಗುವುದು ಇದೇ ವಯಸ್ಸಿನ ಇನ್ನೊಂದು ಕಾರು. ಅದು ಎಲ್ಲಿ ಗುದ್ದಿಸಿಕೊಂಡಿತ್ತು, ಯಾವ ಮಳೆಯಲ್ಲಿ ಮುಳುಗಿತ್ತು, ಮೀಟರ್ ತಿರುಗಿಸಿದ್ದಾರೆಯೇ, ಯಾವುದೂ ಗೊತ್ತಾಗುವುದಿಲ್ಲ. ಈ ಕಾರಿನ ಪ್ರತಿ ಸರ್ವಿಸ್ ಟೀಚರ್ ಅವರಿಗೆ ಗೊತ್ತು. ಅದಕ್ಕೂ ಒಂದು ಬೆಲೆ ಇದೆ. ಪ್ರಶ್ನೆ ಇರುವುದು ಒಂದೇ: ಪೆಟ್ಟು ಬಾಗಿಲಿನ ತಗಡಿಗೆ ನಿಂತಿದೆಯೋ, ಒಳಗಿನ ಚೌಕಟ್ಟಿಗೂ ಹೋಗಿದೆಯೋ? ಅದು ತಿಳಿಯದೆ ಬಿಡಿ ಎನ್ನುವುದೂ ತಪ್ಪು, ಮಾಡಿಸಿ ಎನ್ನುವುದೂ ತಪ್ಪು.

ಕಾಮಾಕ್ಷಿಪಾಳ್ಯದ ಟಿಂಕರ್

ಮೇಡಂ, ಸದ್ಯಕ್ಕೆ ಬಾಗಿಲುಗಳನ್ನು ಮರೆತುಬಿಡಿ. ಬಾಗಿಲು ಬೋಲ್ಟ್ ಬಿಚ್ಚಿದರೆ ಕೈಗೆ ಬರುತ್ತದೆ. ಬೇರೆಯದನ್ನು ತಂದು ಕೂರಿಸಬಹುದು. ನಿಮ್ಮ ಚಿಂತೆ ಇರಬೇಕಾದದ್ದು ನಡುವಿನ ಪಿಲ್ಲರ್, ರನ್ನಿಂಗ್ ಬೋರ್ಡ್ ಮತ್ತು ನೆಲದ ತಗಡಿನ ಬಗ್ಗೆ. ಈ ಮೂರೂ ಬೆಸೆದುಕೊಂಡು ಒಂದೇ ಆಗಿರುತ್ತವೆ. ಲಾರಿಗೆ ಇರುವಂತೆ ಸ್ವಿಫ್ಟ್‌ಗೆ ಬೇರೆ ಚಾಸಿ ಇಲ್ಲ, ಬಾಡಿಯೇ ಚಾಸಿ. ಎರಡು ಬಾಗಿಲುಗಳೂ ಆ ನಡುವಿನ ಪಿಲ್ಲರ್ ಅನ್ನು ನಂಬಿಕೊಂಡಿವೆ: ಮುಂದಿನ ಬಾಗಿಲಿನ ಲಾಕ್ ಅಲ್ಲಿ ಕೂರುತ್ತದೆ, ಹಿಂದಿನ ಬಾಗಿಲಿನ ಕೀಲುಗಳು ಅಲ್ಲೇ ಇವೆ, ಮುಂದಿನ ಸೀಟ್‌ಬೆಲ್ಟ್ ಸುತ್ತಿಕೊಳ್ಳುವ ಡಬ್ಬಿಯೂ ಅದರ ಬುಡದಲ್ಲೇ ಇದೆ. ಬಾಗಿಲನ್ನು ಎತ್ತಿ ಮುಚ್ಚಬೇಕು ಎಂದಿರಲ್ಲ, ಅದರರ್ಥ ಪಿಲ್ಲರ್ ಜಾಗ ಬಿಟ್ಟಿದೆ.

ಎಷ್ಟು ಬಿಟ್ಟಿದೆ ಎಂದು ಮನೆಯಲ್ಲೇ ಅಂದಾಜು ಮಾಡಬಹುದು. ಸ್ಟೀಲ್ ಟೇಪ್ ತೆಗೆದುಕೊಳ್ಳಿ. ಎರಡೂ ಕಡೆಯ ಮುಂದಿನ ಬಾಗಿಲುಗಳನ್ನು ತೆರೆದು, ಸುತ್ತಲಿನ ರಬ್ಬರ್ ಬೀಡಿಂಗ್ ಬಿಡಿಸಿ. ಮುಂದಿನ ಮೇಲಿನ ಕೀಲಿನಿಂದ ಪಿಲ್ಲರ್‌ನ ಬುಡಕ್ಕೆ ಒಂದು ಕರ್ಣ, ಕೆಳಗಿನ ಕೀಲಿನಿಂದ ಪಿಲ್ಲರ್‌ನ ಮೇಲ್ತುದಿಗೆ ಇನ್ನೊಂದು ಕರ್ಣ. ಬಲಗಡೆಯೂ ಅದೇ ಎರಡು ಅಳತೆ. ಆಮೇಲೆ ಕಾರಿನ ಒಳಗೆ, ಎಡ ಪಿಲ್ಲರ್‌ನ ಬುಡದಿಂದ ಬಲಗಡೆಯ ಕೆಳಗಿನ ಕೀಲಿಗೆ, ಬಲ ಪಿಲ್ಲರ್‌ನ ಬುಡದಿಂದ ಎಡಗಡೆಯ ಕೆಳಗಿನ ಕೀಲಿಗೆ. ಟೇಪ್ ಹಿಡಿಯಲು ಇನ್ನೊಬ್ಬರಿರಲಿ, ಎರಡೂ ಕಡೆ ಒಂದೇ ರಂಧ್ರ, ಒಂದೇ ಅಂಚನ್ನು ಗುರುತಿಟ್ಟುಕೊಳ್ಳಿ. ಎರಡು ಮೂರು ಮಿಲಿಮೀಟರ್ ವ್ಯತ್ಯಾಸ ಬಂದರೆ ತಲೆ ಕೆಡಿಸಿಕೊಳ್ಳಬೇಡಿ. ಅದಕ್ಕಿಂತ ಹೆಚ್ಚಾದರೆ ಬೆಂಚ್ ಮೇಲೆ, ಅಂದರೆ ಬಾಡಿಯನ್ನು ಕಚ್ಚಿ ಹಿಡಿದು ನೇರ ಮಾಡುವ ಚೌಕಟ್ಟಿನ ಮೇಲೆ, ಹಾಕಿ ಎಳೆಯಲೇಬೇಕು.

ಈಗ ₹28,000ದ ಕೆಲಸ ಹೇಗೆ ನಡೆಯುತ್ತದೆ ಎಂದು ಹೇಳುತ್ತೇನೆ, ಏಕೆಂದರೆ ಅದನ್ನು ತಿದ್ದಲು ನನ್ನಲ್ಲಿಗೆ ಗಾಡಿಗಳು ಬರುತ್ತಲೇ ಇರುತ್ತವೆ. ತಗ್ಗಾದ ಕಡೆ ವಾಷರ್‌ಗಳನ್ನು ಬೆಸೆದು, ಜಾರುವ ಸುತ್ತಿಗೆಯಿಂದ ಹೊರಕ್ಕೆ ಎಳೆಯುತ್ತಾರೆ. ಬಾಗಿಲಿನ ಹೊರತಗಡಿಗೆ ಅದು ಸರಿಯಾದ ವಿಧಾನವೇ. ಆದರೆ ಪಿಲ್ಲರ್ ಹಾಗೆ ಬರುವುದಿಲ್ಲ. ಬರಲಿಲ್ಲವೆಂದು ಗ್ಯಾಸ್ ಬೆಂಕಿ ಕೊಟ್ಟು ಕೆಂಪಗೆ ಕಾಯಿಸಿ ಬಡಿಯುತ್ತಾರೆ. ಕಾದ ಕಡೆ ಉಕ್ಕು ಮೆತ್ತಗಾಗುತ್ತದೆ. ನೋಡಲು ನೇರ, ಮುಂದಿನ ಪೆಟ್ಟಿಗೆ ಅಲ್ಲೇ ಮಡಚಿಕೊಳ್ಳುತ್ತದೆ. ಉಳಿದ ಡೊಂಕನ್ನು ಪುಟ್ಟಿ ಮುಚ್ಚುತ್ತದೆ. ಪುಟ್ಟಿ ಇರುವುದು ತೆಳ್ಳಗೆ ಸವರಿ ಉಜ್ಜಿ ಸಮ ಮಾಡಲು. ಬೆರಳು ದಪ್ಪಕ್ಕೆ ಮೆತ್ತಿದರೆ ಬಿಸಿಲಿಗೆ ಬಿರುಕು ಬಿಟ್ಟು, ಬಿರುಕಿನೊಳಗೆ ಮಳೆನೀರು ಇಳಿದು, ಒಳಗಿಂದ ತುಕ್ಕು ಏಳುತ್ತದೆ.

ಅಂತರ ಬಂದದ್ದು ಅಲ್ಲಿಂದ ಮೇಡಂ. ಒಬ್ಬರು ಬಾಗಿಲು ಕಾಣುವ ಹಾಗೆ ಮಾಡಲು ಬೆಲೆ ಹೇಳಿದ್ದಾರೆ. ಇನ್ನೊಬ್ಬರು ಎಲ್ಲವನ್ನೂ ಹೊಸದಾಗಿ ಹಾಕಲು ಬೆಲೆ ಹೇಳಿದ್ದಾರೆ. ನಿಮಗೆ ಬೇಕಾದದ್ದು ಇವೆರಡರ ನಡುವೆ ಇದೆ.

ಪೀಣ್ಯ ಬಿಡಿಭಾಗ

ಮೇಲಿನ ಮಾತಿಗೆ ಎರಡು ಅಕ್ಷರ ಸೇರಿಸುತ್ತೇನೆ. ವಾಹನದ ಬಾಡಿ ಭಾಗಗಳ ಅಚ್ಚು ಮಾಡುವ ಕಡೆ ಕೆಲಸ ನನ್ನದು. ಕಾರಿನ ಮುಂಭಾಗಕ್ಕೆ ಗುದ್ದಿದರೆ ಬಂಪರ್, ರೇಡಿಯೇಟರ್, ಬಾನೆಟ್ ಎಲ್ಲ ಕುಗ್ಗಿ ಪೆಟ್ಟನ್ನು ನುಂಗುತ್ತವೆ. ಬದಿಯಲ್ಲಿ ಆ ಜಾಗವೇ ಇಲ್ಲ. ಕೂತವರಿಗೂ ಎದುರಿನ ವಾಹನಕ್ಕೂ ನಡುವೆ ಇರುವುದು ಒಂದು ಬಾಗಿಲಿನ ದಪ್ಪ. ಆದ್ದರಿಂದ ಬದಿಯ ಲೋಹ ಕುಗ್ಗಬಾರದು, ತಡೆದು ನಿಲ್ಲಬೇಕು.

ನಮ್ಮ ದೇಶದಲ್ಲಿ ಬದಿ ಡಿಕ್ಕಿಯ ಪರೀಕ್ಷೆ, ಅಂದರೆ ಎಐಎಸ್-099, ಹೊಸ ಮಾದರಿಗಳಿಗೆ ಕಡ್ಡಾಯವಾದದ್ದು 2017ರ ಅಕ್ಟೋಬರ್‌ನಿಂದ. ಆಗಲೇ ಮಾರಾಟದಲ್ಲಿದ್ದ ಮಾದರಿಗಳಿಗೆ 2019ರ ಅಕ್ಟೋಬರ್‌ನಿಂದ. 2010ರ ಕಾರು ಆ ಕಟ್ಟಳೆ ಹುಟ್ಟುವ ಮೊದಲಿನದು, ಬದಿಯ ಏರ್‌ಬ್ಯಾಗ್ ಕೂಡ ಇಲ್ಲ. ಕಾರ್ಖಾನೆಯಲ್ಲಿ ಎಷ್ಟು ಬಲ ಕೊಟ್ಟಿದ್ದರೋ ಅಷ್ಟೇ ಬಂಡವಾಳ. ರಿಪೇರಿಯಲ್ಲಿ ಅದನ್ನು ಕಳೆದುಕೊಂಡರೆ ಮತ್ತೇನೂ ಉಳಿಯುವುದಿಲ್ಲ.

ಹೊರತಗಡನ್ನು ಎಷ್ಟೇ ಚೆಂದವಾಗಿ ಎಬ್ಬಿಸಿದರೂ, ಒಳಗೆ ಅಡ್ಡಡ್ಡ ಬೆಸೆದಿರುವ ತಡೆಗೊಳವೆ ಬಾಗಿದ್ದರೆ ಆ ಬಾಗಿಲು ಮುಗಿಯಿತು. ಬಾಗಿಲಿನ ಒಳಗಿನ ಪ್ಲಾಸ್ಟಿಕ್ ಹೊದಿಕೆ ತೆಗೆಸಿ, ಟಾರ್ಚ್ ಬಿಟ್ಟು ನೀವೇ ನೋಡಿ. ಆ ಗೊಳವೆ ಹೆಚ್ಚು ಬಲದ ಉಕ್ಕು. ಅದನ್ನು ಕಾಯಿಸಿಯೋ ಬಡಿದೋ ನೇರ ಮಾಡುವ ಮಾತೇ ಇಲ್ಲ. ಬಾಗಿದ್ದರೆ ಬಾಗಿಲನ್ನೇ ಬದಲಾಯಿಸಬೇಕು.

ನಿವೃತ್ತ ಸರ್ವೇಯರ್, ಜಯನಗರ

ಕೆಲಸದ ಮಾತು ಸರಿಯಾದವರ ಕೈಯಲ್ಲಿದೆ. ನಾನು ಕಾಗದದ ಮಾತು ಹೇಳುತ್ತೇನೆ, ಏಕೆಂದರೆ ಕೌಂಟರಿನಲ್ಲಿ ನಿಮಗೆ ಅರ್ಧ ಮಾತನ್ನೇ ಹೇಳಿದ್ದಾರೆ.

ಪೂರ್ಣ ನಷ್ಟ ಎಂದು ತೀರ್ಮಾನಿಸುವ ಅಧಿಕಾರ ವರ್ಕ್‌ಶಾಪ್‌ನದಲ್ಲ. ₹50,000 ಮೀರಿದ ಹಾನಿಗೆ ಪರವಾನಗಿ ಪಡೆದ ಸರ್ವೇಯರ್ ಬಂದು ನೋಡಬೇಕು. ಪಾಲಿಸಿಯ ಮಾತು ಹೀಗಿದೆ: ರಿಪೇರಿ ವೆಚ್ಚ, ಪಾಲಿಸಿಯ ಷರತ್ತುಗಳಿಗೆ ಒಳಪಟ್ಟು, ಐಡಿವಿಯ ಶೇ. 75ನ್ನು ಮೀರಿದರೆ ಪೂರ್ಣ ನಷ್ಟ. ಆ "ಷರತ್ತುಗಳಿಗೆ ಒಳಪಟ್ಟು" ಎನ್ನುವ ಮಾತನ್ನು ಗಟ್ಟಿಯಾಗಿ ಹಿಡಿದುಕೊಳ್ಳಿ. ಸವಕಳಿ, ಅಂದರೆ ಭಾಗಗಳು ಹಳತಾದದ್ದಕ್ಕೆ ಇಳಿಸುವ ಬೆಲೆ, ಕಳೆಯುವುದು ಅದೇ ಷರತ್ತುಗಳಲ್ಲಿ ಒಂದು. ಹಾಗಾಗಿ ಲೆಕ್ಕಕ್ಕೆ ಹಿಡಿದದ್ದು ಸವಕಳಿಯ ಮೊದಲಿನ ಮೊತ್ತವೋ, ನಂತರದ್ದೋ ಎಂದು ಲಿಖಿತವಾಗಿ ಕೇಳಿ.

10 ವರ್ಷ ದಾಟಿದ ಕಾರಿಗೆ ಲೋಹದ ಭಾಗಗಳ ಮೇಲೆ ಶೇ. 50 ಸವಕಳಿ. ರಬ್ಬರ್, ಪ್ಲಾಸ್ಟಿಕ್ ಮೇಲೂ ಶೇ. 50, ಅದು ಯಾವ ವಯಸ್ಸಿನ ಕಾರಿಗಾದರೂ ಅಷ್ಟೇ. ಗಾಜಿಗೆ ಸವಕಳಿ ಇಲ್ಲ. ಕೂಲಿಗೂ ಇಲ್ಲ. ಬಣ್ಣದ ಬಿಲ್ ಒಟ್ಟಾಗಿ ಇದ್ದರೆ ಅದರ ಶೇ. 25ನ್ನು ಬಣ್ಣದ ಸಾಮಗ್ರಿ ಎಂದು ಹಿಡಿದು, ಅದರಲ್ಲಿ ಅರ್ಧ ಕಳೆಯುತ್ತಾರೆ. 1500 ಸಿಸಿ ಒಳಗಿನ ಕಾರಿಗೆ ಕಡ್ಡಾಯ ಕಡಿತ ₹1,000. ನಿಮ್ಮ ಅಂದಾಜಿನ ಪಟ್ಟಿಯನ್ನು ಭಾಗಮಾಡಿ ಹಾಕಿ, ಲೆಕ್ಕ ಮಾಡಿ ತೋರಿಸುತ್ತೇನೆ.

ಬನಶಂಕರಿ ಟೀಚರ್

ಎಲ್ಲರಿಗೂ ತುಂಬಾ ಧನ್ಯವಾದ. ಪಟ್ಟಿ ಇಲ್ಲಿದೆ: ಲೋಹದ ಭಾಗಗಳು ₹52,000, ಬೀಡಿಂಗ್ ಮತ್ತು ಪ್ಲಾಸ್ಟಿಕ್ ₹8,000, ಗಾಜು ₹4,000, ಕೂಲಿ ₹30,000, ಬಣ್ಣ ₹24,000. ಎಲ್ಲವೂ ಜಿಎಸ್‌ಟಿ ಸೇರಿ.

ಟೇಪ್ ಹಿಡಿದು ಅಳೆದೆವು, ಟಿಂಕರ್ ಸರ್. ಮೇಲಿನ ಕೀಲಿನಿಂದ ಪಿಲ್ಲರ್ ಬುಡಕ್ಕೆ ಎಳೆದ ಕರ್ಣದಲ್ಲಿ ಎಡಕ್ಕೂ ಬಲಕ್ಕೂ 9 ಮಿಲಿಮೀಟರ್ ವ್ಯತ್ಯಾಸ. ಕೆಳಗಿನ ಕೀಲಿನಿಂದ ಪಿಲ್ಲರ್‌ನ ಮೇಲ್ತುದಿಗೆ ವ್ಯತ್ಯಾಸವೇ ಇಲ್ಲ ಎನ್ನಬಹುದು. ಒಳಗಿನ ಅಡ್ಡ ಅಳತೆಯಲ್ಲಿ ಎಡ ಪಿಲ್ಲರ್‌ನ ಬುಡ ಒಳಕ್ಕೆ ಬಂದಿರುವುದು ಸ್ಪಷ್ಟವಾಗಿ ಕಾಣುತ್ತದೆ. ಮುಂದಿನ ಬಾಗಿಲಿನ ಒಳಗಿನ ಗೊಳವೆ ನೇರವಾಗಿದೆ. ಹಿಂದಿನದನ್ನು ತೆರೆಯಲಾಗದ ಕಾರಣ ಒಡೆದ ಗಾಜಿನ ಸಂದಿಯಿಂದ ಟಾರ್ಚ್ ಬಿಟ್ಟು ನೋಡಿದೆ. ಬಿಲ್ಲಿನಂತೆ ಬಾಗಿದೆ.

ನಿವೃತ್ತ ಸರ್ವೇಯರ್, ಜಯನಗರ

ಲೋಹ ₹52,000ದಲ್ಲಿ ಅರ್ಧ, ₹26,000. ಪ್ಲಾಸ್ಟಿಕ್ ಮತ್ತು ರಬ್ಬರ್ ₹4,000. ಗಾಜು ಪೂರ್ತಿ ₹4,000. ಕೂಲಿ ಪೂರ್ತಿ ₹30,000. ಬಣ್ಣದಲ್ಲಿ ಸಾಮಗ್ರಿ ಭಾಗ ₹6,000, ಅದರ ಅರ್ಧ ₹3,000 ಹೋದರೆ ₹21,000. ಒಟ್ಟು ₹85,000. ಕಡ್ಡಾಯ ಕಡಿತ ₹1,000 ಕಳೆದರೆ ಕಂಪನಿ ಕೊಡಬೇಕಾದದ್ದು ₹84,000. ನಿಮ್ಮ ಕೈಯಿಂದ ಹೋಗುವುದು ₹34,000.

ಐಡಿವಿಯ ಶೇ. 75 ಎಂದರೆ ₹1,05,000. ₹84,000 ಅದರ ಕೆಳಗಿದೆ. ಒಟ್ಟು ಅಂದಾಜು ₹1,18,000ವನ್ನೇ ಹಿಡಿದು ಪೂರ್ಣ ನಷ್ಟ ಎಂದರೆ ಒಪ್ಪಬೇಡಿ. ಮೊದಲು ಕಂಪನಿಯ ಕುಂದುಕೊರತೆ ವಿಭಾಗಕ್ಕೆ ಬರೆಯಿರಿ. 30 ದಿನದಲ್ಲಿ ಉತ್ತರ ಬಾರದಿದ್ದರೆ ಅಥವಾ ಬಂದ ಉತ್ತರ ಸರಿಯೆನಿಸದಿದ್ದರೆ ಇಂತಹ ದೂರುಗಳನ್ನು ತೀರ್ಮಾನಿಸುವ ವಿಮಾ ಒಂಬುಡ್ಸ್‌ಮನ್ ಬಳಿ ಹೋಗಬಹುದು. ಶುಲ್ಕವಿಲ್ಲ, ವಕೀಲರೂ ಬೇಡ. ಬೆಂಗಳೂರಿನ ಕಚೇರಿ ಜೆ.ಪಿ. ನಗರ ಮೊದಲ ಹಂತದ ಜೀವನ್ ಸೌಧದಲ್ಲಿದೆ, ನಿಮ್ಮ ಮನೆಗೆ ಹತ್ತಿರವೇ.

ಸರ್ವೇ ಆಗುವ ಮೊದಲು ಒಂದು ಬೋಲ್ಟ್ ಕೂಡ ಬಿಚ್ಚಿಸಬೇಡಿ. ಬಿಚ್ಚಿದ ಮೇಲೆ ಒಳಗೆ ಹೊಸ ಹಾನಿ ಕಂಡರೆ ಕೆಲಸ ನಿಲ್ಲಿಸಿ, ಸರ್ವೇಯರ್‌ಗೆ ತಿಳಿಸಿ, ಪೂರಕ ಅಂದಾಜು ಸೇರಿಸಿ. ತೆಗೆದ ಹಳೆಯ ಭಾಗಗಳನ್ನು ಮರುತಪಾಸಣೆಯವರೆಗೆ ಎಸೆಯಬೇಡಿ.

ರಾಜಾಜಿನಗರ 02

ಈ ಲೆಕ್ಕ ನೋಡಿದ ಮೇಲೆ ನನ್ನ ಅಭಿಪ್ರಾಯ ಬದಲಾಗಿದೆ. ₹34,000ಕ್ಕೆ ಗೊತ್ತಿರುವ ಕಾರು ಉಳಿಯುವುದಾದರೆ ಉಳಿಸಿಕೊಳ್ಳಿ. ಆದರೆ ಕ್ಲೇಮ್ ಮಾಡದ ವರ್ಷಗಳಿಗೆ ಪ್ರೀಮಿಯಂನಲ್ಲಿ ಸಿಗುವ ರಿಯಾಯಿತಿ, ನೋ ಕ್ಲೇಮ್ ಬೋನಸ್, ಹೋಗುತ್ತದಲ್ಲ? ಶೇ. 50 ಇದ್ದರೆ ಅದೂ ನಷ್ಟವೇ.

ನಿವೃತ್ತ ಸರ್ವೇಯರ್, ಜಯನಗರ

ಹೋಗುತ್ತದೆ. ಆದರೆ ಬೋನಸ್ ಅನ್ವಯವಾಗುವುದು ಸ್ವಂತ ಹಾನಿಯ ಪ್ರೀಮಿಯಂಗೆ ಮಾತ್ರ, ಮೂರನೇ ವ್ಯಕ್ತಿಯ ಭಾಗಕ್ಕಲ್ಲ. ಐಡಿವಿ ₹1,40,000 ಇರುವ ಕಾರಿನ ಸ್ವಂತ ಹಾನಿ ಪ್ರೀಮಿಯಂ ಕೆಲವು ಸಾವಿರ ರೂಪಾಯಿ ಅಷ್ಟೇ. ಅದರ ಅರ್ಧವನ್ನು ಉಳಿಸಲು ₹84,000 ಬಿಡುವುದು ಜಾಣತನವಲ್ಲ. ಬಂಪರ್ ಗೀಚಿದ್ದಕ್ಕೆ ಕ್ಲೇಮ್ ಮಾಡಬೇಡಿ ಎನ್ನುವ ಮಾತು ಬೇರೆ, ಪಿಲ್ಲರ್ ಸರಿದದ್ದು ಬೇರೆ.

ಜೆ.ಸಿ. ರಸ್ತೆ ಓಡಾಟ

ಹಿಂದಿನ ಬಾಗಿಲು ಹೊಸದು ಬೇಕೇ, ಸೆಕೆಂಡ್ಸ್ ಆಗಬಹುದೇ ಎನ್ನುವುದನ್ನೂ ಯೋಚಿಸಿ. ಶಿವಾಜಿನಗರದ ಗುಜರಿಯಲ್ಲಿ ಆ ಕಾಲದ ಸ್ವಿಫ್ಟ್‌ನ ಬಾಗಿಲುಗಳು ಸಿಗುತ್ತವೆ, ಗಾಜು, ಗಾಜು ಏರಿಸುವ ಯಂತ್ರ, ಲಾಕ್ ಎಲ್ಲ ಸೇರಿ. ಅದೃಷ್ಟವಿದ್ದರೆ ಬೆಳ್ಳಿ ಬಣ್ಣದ್ದೇ ಸಿಗುತ್ತದೆ. ಕ್ಲಿಪ್, ಬೀಡಿಂಗ್, ಹಿಡಿಕೆಯಂತಹ ಸಣ್ಣಪುಟ್ಟ ಸಾಮಾನುಗಳಿಗೆ ಜೆ.ಸಿ. ರಸ್ತೆ ಸಾಕು.

ಗುಜರಿಯ ಬಾಗಿಲನ್ನು ಕೊಳ್ಳುವಾಗ ಹೊರಗಿನ ಹೊಳಪಿಗೆ ಮರುಳಾಗಬೇಡಿ. ಬಾಗಿಲನ್ನು ತಲೆಕೆಳಗಾಗಿ ಹಿಡಿದು ಕೆಳಗಿನ ಅಂಚನ್ನು ನೋಡಿ. ಹೊರತಗಡು ಒಳತಗಡಿನ ಸುತ್ತ ಮಡಚಿಕೊಂಡಿರುವ ಜಾಗ ಅದು. ನೀರು ನಿಂತು ತುಕ್ಕು ಶುರುವಾಗುವುದೇ ಅಲ್ಲಿ. ಬೆರಳಿನಿಂದ ಒತ್ತಿದಾಗ ಬಣ್ಣ ಉಬ್ಬಿದ್ದರೆ ಬಿಟ್ಟುಬಿಡಿ. ಬಟ್ಟೆ ಸುತ್ತಿದ ಅಯಸ್ಕಾಂತವನ್ನು ತಗಡಿನುದ್ದಕ್ಕೂ ಆಡಿಸಿ. ಒಂದು ಕಡೆ ಹಿಡಿತ ಸಡಿಲವಾದರೆ ಅಡಿಯಲ್ಲಿ ಪುಟ್ಟಿ ಇದೆ. ಮುಖ್ಯವಾಗಿ ಬಿಲ್ ಕೇಳಿ, ಯಾವ ನೋಂದಣಿ ಸಂಖ್ಯೆಯ ಗಾಡಿಯಿಂದ ಬಿಚ್ಚಿದ್ದು ಎಂದು ಬರೆಸಿಕೊಳ್ಳಿ. ಕದ್ದ ಮಾಲನ್ನು ತಿಳಿದೂ ಕೊಳ್ಳುವುದು ಅಪರಾಧ. ಬಿಲ್ ಕೊಡಲು ಹಿಂಜರಿದರೆ ಮುಂದಿನ ಅಂಗಡಿಗೆ ಹೋಗಿ.

ಕಾಮಾಕ್ಷಿಪಾಳ್ಯದ ಟಿಂಕರ್

ಬಾಗಿಲನ್ನು ಗುಜರಿಯಿಂದ ತನ್ನಿ, ನನ್ನ ಆಕ್ಷೇಪವಿಲ್ಲ. ವಿಮೆಯಲ್ಲಿ ಮಾಡಿಸುವುದಾದರೆ ಸರ್ವೇಯರ್ ಒಪ್ಪಿದ ಭಾಗವನ್ನೇ ಹಾಕಿಸಬೇಕು, ಅದನ್ನು ಮೊದಲೇ ಮಾತಾಡಿಕೊಳ್ಳಿ. ಪಿಲ್ಲರ್ ಕಟ್ಟಿಂಗ್ ಮಾತ್ರ ಗುಜರಿಯಿಂದ ಬೇಡ. ಆ ತುಂಡನ್ನು ಯಾವ ಗಾಡಿಯಿಂದ, ಯಾವ ಕಡೆ, ಹೇಗೆ ಕತ್ತರಿಸಿದರೋ ಯಾರು ಬಲ್ಲರು.

ನಿಮ್ಮ ಅಳತೆ ನೋಡಿದೆ. ಬುಡದಲ್ಲಿ ಮಾತ್ರ 9 ಮಿಲಿಮೀಟರ್, ಮೇಲೆ ಇಲ್ಲ. ಇದು ಒಳ್ಳೆಯ ಸುದ್ದಿ. ಛಾವಣಿ ಅಲುಗಾಡಿಲ್ಲ. ಪಿಲ್ಲರ್‌ನಲ್ಲಿ ಮಡಿಕೆ ಬಿದ್ದು ಹರಿದಿಲ್ಲವಾದರೆ ಬೆಂಚ್ ಮೇಲೆ ಎಳೆದು ತರಬಹುದು. ಕಾರನ್ನು ರನ್ನಿಂಗ್ ಬೋರ್ಡಿನ ಅಂಚಿನಲ್ಲಿ ನಾಲ್ಕು ಕಡೆ ಕಚ್ಚಿ ಹಿಡಿದು, ಗುದ್ದು ಬಂದ ದಿಕ್ಕಿಗೆ ಎದುರಾಗಿ ಸರಪಳಿಯಿಂದ ಎಳೆಯುತ್ತಾರೆ. ಒಂದೇ ಏಟಿಗೆ ಎಳೆಯಬಾರದು. ಸ್ವಲ್ಪ ಎಳೆದು, ಹಾಗೇ ಬಿಗಿ ಹಿಡಿದು, ಮಡಿಕೆಯ ಸುತ್ತ ಸುತ್ತಿಗೆಯಿಂದ ಮೆಲ್ಲಗೆ ತಟ್ಟಬೇಕು. ಹಾಗೆ ತಟ್ಟದೆ ಬಿಟ್ಟರೆ ಸರಪಳಿ ಸಡಿಲಿಸಿದ ಕೂಡಲೇ ಲೋಹ ಅರ್ಧ ಹಿಂದಕ್ಕೆ ಹೋಗುತ್ತದೆ. ಬೇಕಾದ ಅಳತೆಗಿಂತ ಕೂದಲೆಳೆಯಷ್ಟು ಹೆಚ್ಚೇ ಎಳೆದು ಬಿಡಬೇಕಾಗುತ್ತದೆ, ಅದು ಕೈಗೆ ಗೊತ್ತಾಗುವ ವಿದ್ಯೆ.

ರನ್ನಿಂಗ್ ಬೋರ್ಡಿನ ಹೊರತಗಡು ಕೆಟ್ಟಿದ್ದರೆ ಅಷ್ಟು ಭಾಗವನ್ನು ಕತ್ತರಿಸಿ ಹೊಸ ತಗಡು ಬೆಸೆಯಬಹುದು. ಸಿಒಟು ವೆಲ್ಡಿಂಗ್ ಅಥವಾ ಸ್ಪಾಟ್ ವೆಲ್ಡಿಂಗ್ ಇರಲಿ, ಗ್ಯಾಸ್ ಬೇಡವೇ ಬೇಡ. ವೆಲ್ಡಿಂಗ್ ಮೊದಲು ಬ್ಯಾಟರಿ ಬಿಚ್ಚಬೇಕು, ಸೀಟ್, ಕಾರ್ಪೆಟ್, ಪಕ್ಕದಲ್ಲಿ ಹಾದುಹೋಗುವ ವೈರಿಂಗ್ ಎಲ್ಲವನ್ನೂ ಸರಿಸಬೇಕು. ಇದನ್ನು ಮಾಡದೆ ಕಿಡಿ ಹಾರಿಸುವ ಗ್ಯಾರೇಜಿನಿಂದ ಗಾಡಿಯನ್ನು ವಾಪಸ್ ತನ್ನಿ.

ಇನ್ನೊಂದು ಕೇಳಬೇಕಿತ್ತು. ಗುದ್ದಿದ ಮೇಲೆ ಕಾರು ಬಲಕ್ಕೆ ಸರಿದು ಯಾವುದಕ್ಕಾದರೂ ತಾಗಿತೇ?

ಬನಶಂಕರಿ ಟೀಚರ್

ಹೌದು ಸರ್. ಬಲಗಡೆ ರಸ್ತೆ ವಿಭಜಕದ ಅಂಚುಕಲ್ಲಿಗೆ ಹಿಂದಿನ ಬಲಚಕ್ರ ಬಡಿಯಿತು. ರಿಮ್‌ನಲ್ಲಿ ಒಂದು ಗೀರು ಇದೆ. ಅಷ್ಟೇ ಎಂದುಕೊಂಡು ಬರೆಯಲಿಲ್ಲ.

ಕಾಮಾಕ್ಷಿಪಾಳ್ಯದ ಟಿಂಕರ್

ಅದಕ್ಕೇ ಕೇಳಿದ್ದು. ಬದಿಯಿಂದ ಪೆಟ್ಟು ಬಿದ್ದಾಗ ಎಲ್ಲರೂ ಪೆಟ್ಟು ಬಿದ್ದ ಕಡೆಯೇ ನೋಡುತ್ತಾರೆ. ಕಾರು ಅಡ್ಡಕ್ಕೆ ಜಾರಿ ಎದುರು ಬದಿಯ ಚಕ್ರ ಕಲ್ಲಿಗೆ ಬಡಿದರೆ ಇಡೀ ಕಾರಿನ ತೂಕ ಆ ಒಂದು ಚಕ್ರದ ಮೇಲೆ ಬರುತ್ತದೆ. ಸ್ವಿಫ್ಟ್‌ನ ಹಿಂಬದಿಯಲ್ಲಿ ಎರಡು ಚಕ್ರಗಳನ್ನೂ ಸೇರಿಸುವ ಒಂದೇ ಆಕ್ಸಲ್ ಇದೆ. ಅದು ಬಾಗಿದರೆ ಹೊಂದಿಸಲು ತಿರುಪು ಇಲ್ಲ, ಬದಲಾಯಿಸಬೇಕು. ನಾಲ್ಕೂ ಚಕ್ರಗಳ ಅಲೈನ್‌ಮೆಂಟ್ ಮಾಡಿಸಿ. ಮುಂದಿನ ಎರಡನ್ನು ಮಾತ್ರ ನೋಡಿ ಚೀಟಿ ಕೊಡುವ ಕಡೆ ಹೋಗಬೇಡಿ. ಹಿಂದಿನ ಚಕ್ರಗಳ ಅಂಕಿಗಳನ್ನು ಮುದ್ರಿಸಿ ಕೊಡುವ ಕಡೆ ಹೋಗಿ.

ಬಣ್ಣ ಹೊಡೆಸುವ ಮೊದಲೇ ಮಾಡಿಸಿ.

ಹಳೆಯ ಎಸ್ಟೀಮ್

ಬಣ್ಣದ ಬಗ್ಗೆ ನನಗೆ ಗೊತ್ತಿರುವುದನ್ನು ಹೇಳುತ್ತೇನೆ, ಏಕೆಂದರೆ ಬೆಳ್ಳಿ ಬಣ್ಣ ಹೊಂದಿಸುವುದು ಎಲ್ಲಕ್ಕಿಂತ ಕಷ್ಟ. ಅದರೊಳಗಿನ ಲೋಹದ ಚೂರುಗಳು ಹೇಗೆ ಮಲಗುತ್ತವೆ ಎನ್ನುವುದರ ಮೇಲೆ ಬಣ್ಣ ಬದಲಾಗುತ್ತದೆ. ಅದೇ ಡಬ್ಬಿ, ಅದೇ ಗನ್, ಆದರೆ ಹತ್ತಿರದಿಂದ ಒದ್ದೆಯಾಗಿ ಹೊಡೆದರೆ ಕಪ್ಪಾಗಿ ಕಾಣುತ್ತದೆ, ದೂರದಿಂದ ಒಣಒಣವಾಗಿ ಹೊಡೆದರೆ ಬಿಳಿಚಿಕೊಳ್ಳುತ್ತದೆ. ಕಾರ್ಖಾನೆಯ ಸಂಕೇತ ನೋಡಿ ಕಲಸಿದ ಬಣ್ಣವೂ ಇಷ್ಟು ವರ್ಷ ಬಿಸಿಲು ತಿಂದ ಕಾರಿಗೆ ಹೊಂದುವುದಿಲ್ಲ. ಪೆಟ್ರೋಲ್ ಮುಚ್ಚಳದ ಹೊರಭಾಗವನ್ನು ಪಾಲಿಶ್ ಮಾಡಿಸಿ, ಅದನ್ನು ಬಿಚ್ಚಿಕೊಟ್ಟು, ಅದಕ್ಕೆ ಹೊಂದಿಸಿ ಕಲಸಲು ಹೇಳಿ. ಒಂದು ತಗಡಿನ ತುಂಡಿಗೆ ಹೊಡೆದು, ಮೇಲಿನ ಕ್ಲಿಯರ್ ಕೋಟ್ ಕೂಡ ಹಾಕಿ, ಒಣಗಿದ ಮೇಲೆ ಬಿಸಿಲಿನಲ್ಲಿ ಕಾರಿನ ಪಕ್ಕ ಹಿಡಿದು ನೋಡಿ. ಟ್ಯೂಬ್‌ಲೈಟ್ ಕೆಳಗೆ ಒಪ್ಪಿಗೆ ಕೊಡಬೇಡಿ.

ಬಾಗಿಲುಗಳ ಬಣ್ಣವನ್ನು ಮುಂದಿನ ಫೆಂಡರ್ ಮೇಲೂ, ಹಿಂದಿನ ಚಕ್ರದ ಮೇಲಿರುವ ಕ್ವಾರ್ಟರ್ ಪ್ಯಾನೆಲ್ ಮೇಲೂ ಸ್ವಲ್ಪ ದೂರ ತೆಳುವಾಗಿ ಹರಡಿ ಮಸುಕಾಗಿಸಿ, ಕ್ಲಿಯರ್ ಕೋಟ್ ಅನ್ನು ಪ್ಯಾನೆಲ್ ಪೂರ್ತಿ ಹೊಡೆಯಬೇಕು. ಆಗ ಎಲ್ಲಿ ಹೊಸದು ಮುಗಿದು ಹಳೆಯದು ಶುರುವಾಯಿತು ಎಂದು ಕಣ್ಣಿಗೆ ಸಿಗುವುದಿಲ್ಲ. ಇದಕ್ಕೆ ಬಿಲ್ ಹೆಚ್ಚಾಗುತ್ತದೆ. ವ್ಯತ್ಯಾಸ ಕಾಣುವುದು ನಿಮಗೆ ನೋವು ಕೊಡದಿದ್ದರೆ ಬಿಡಬಹುದು. ನನಗಾದರೆ ಪ್ರತಿ ದಿನ ಕಣ್ಣಿಗೆ ಚುಚ್ಚುತ್ತದೆ.

ವಕೀಲರು, ಬಸವನಗುಡಿ

ಗೂಡ್ಸ್ ವಾಹನದ ವಿಮೆಯನ್ನು ಯಾರೂ ಪ್ರಸ್ತಾಪಿಸಲಿಲ್ಲ. ಕ್ರಾಸ್‌ನಿಂದ ಮೇನ್ ರಸ್ತೆಗೆ ಬರುವ ವಾಹನವೇ ದಾರಿ ಬಿಡಬೇಕು. ನಮ್ಮ ಬಡಾವಣೆಗಳಲ್ಲಿ ಸಿಗ್ನಲ್ ಇಲ್ಲದ ಕ್ರಾಸ್‌ಗಳೇ ಹೆಚ್ಚು, ಹಾಗಾಗಿ ಬಾಗಿಲಿಗೆ ಗುದ್ದಿಸಿಕೊಂಡವರು ದಿನಕ್ಕೊಬ್ಬರು ಸಿಗುತ್ತಾರೆ. ಇದು ನನ್ನನ್ನು ನಿಜವಾಗಿ ಸಿಟ್ಟಿಗೇಳಿಸುವ ವಿಷಯ. ಉಬ್ಬು ಇದ್ದರೂ ಅದರ ಮೇಲೆ ಬಿಳಿ ಪಟ್ಟೆ ಇರುವುದಿಲ್ಲ. ಫಲಕ ಇದ್ದರೆ ಮರದ ಕೊಂಬೆ ಮುಚ್ಚಿರುತ್ತದೆ.

ನಿಮ್ಮ ವಿಮೆಯಿಂದ ಬರುವ ₹84,000ವನ್ನು ಎರಡು ಕಡೆ ಕೇಳುವಂತಿಲ್ಲ. ಆದರೆ ಕೈಯಿಂದ ಹೋಗುವ ₹34,000ವನ್ನು ಆ ವಾಹನದ ಮಾಲೀಕರಿಂದ ಮತ್ತು ಅದರ ವಿಮಾ ಕಂಪನಿಯಿಂದ ಕೇಳಲು ಮೋಟಾರು ವಾಹನ ಅಪಘಾತ ಪರಿಹಾರ ನ್ಯಾಯಮಂಡಳಿಗೆ ಅರ್ಜಿ ಹಾಕಬಹುದು. ಆಸ್ತಿಪಾಸ್ತಿ ಹಾನಿಗೂ ಅಲ್ಲಿ ಅವಕಾಶವಿದೆ. ಬೆಂಗಳೂರಿನಲ್ಲಿ ಈ ಪ್ರಕರಣಗಳನ್ನು ಲಘು ವ್ಯವಹಾರಗಳ ನ್ಯಾಯಾಲಯ ನಡೆಸುತ್ತದೆ. ಅಪಘಾತವಾದ ದಿನದಿಂದ 6 ತಿಂಗಳೊಳಗೆ ಅರ್ಜಿ ಸಲ್ಲಿಸಬೇಕು. ಠಾಣೆಯ ಕಾಗದ, ಎರಡೂ ವಾಹನಗಳ ಫೋಟೊ, ಸರ್ವೇ ವರದಿ, ಬಿಲ್‌ಗಳು, ಹಣ ಪಾವತಿಸಿದ ರಸೀದಿ, ಎಲ್ಲವೂ ಬೇಕು. ವರ್ಷಗಟ್ಟಲೆ ಓಡಾಡುವ ಮನಸ್ಸಿದೆಯೇ ಎಂದು ಮಾತ್ರ ಯೋಚಿಸಿ. ವಾಹನದ ಮಾಲೀಕರೇ ನೇರವಾಗಿ ಕೊಡಲು ಒಪ್ಪಿದರೆ ಬರಹದಲ್ಲಿ ಪಡೆಯಿರಿ, ಮತ್ತು ನಿಮ್ಮ ವಿಮಾ ಕಂಪನಿಗೆ ತಿಳಿಸಿಯೇ ಪಡೆಯಿರಿ.

ಬನಶಂಕರಿ ಟೀಚರ್

ಇಲ್ಲಿಯವರೆಗಿನದು ಹೇಳುತ್ತೇನೆ. ಸರ್ವೇಯರ್ ಬಂದು ನೋಡಿದರು. ಸವಕಳಿ ಕಳೆದ ಮೇಲಿನ ಲೆಕ್ಕವನ್ನು ಪತ್ರದಲ್ಲಿ ಬರೆದು ಮುಂದಿಟ್ಟಾಗ ಅವರು ವಾದ ಮಾಡಲಿಲ್ಲ, ರಿಪೇರಿಗೆ ಒಪ್ಪಿದರು. ಅಲೈನ್‌ಮೆಂಟ್ ಚೀಟಿಯಲ್ಲಿ ಹಿಂದಿನ ಬಲಚಕ್ರದ ಅಂಕಿ ಕೆಂಪಗೆ ಬಂತು. ಆಕ್ಸಲ್ ಬಾಗಿದೆ. ಟಿಂಕರ್ ಸರ್ ಕೇಳದೇ ಹೋಗಿದ್ದರೆ ಅದು ಬಣ್ಣದ ಕೆಳಗೆ ಮುಚ್ಚಿಹೋಗುತ್ತಿತ್ತು. ಆಕ್ಸಲ್‌ಗೆ ₹14,000 ಪೂರಕ ಅಂದಾಜು ಕೊಟ್ಟೆವು. ಅರ್ಧ ಸವಕಳಿ ಹೋದರೆ ಕಂಪನಿಯ ಪಾಲು ₹7,000 ಹೆಚ್ಚಿ ₹91,000. ಶೇ. 75ರ ಗೆರೆಯ ಕೆಳಗೇ ಇದೆ.

ಕೆಲಸವನ್ನು ಮೈಸೂರು ರಸ್ತೆಯ ಒಂದು ಬಾಡಿ ಶಾಪ್‌ನಲ್ಲಿ ಕೊಟ್ಟಿದ್ದೇನೆ, ಬೆಂಚ್ ಇದೆ, ಬಣ್ಣಕ್ಕೆ ಮುಚ್ಚಿದ ಕೊಠಡಿ ಇದೆ. ಪಿಲ್ಲರ್ ಎಳೆಯುವ ದಿನ ಹೋಗಿ ನಿಂತುಕೊಂಡೆ. ನೀವು ಹೇಳಿದ ಹಾಗೆಯೇ ಎಳೆದು, ಹಿಡಿದು, ತಟ್ಟಿ, ಮತ್ತೆ ಎಳೆದರು. ಕರ್ಣದ ವ್ಯತ್ಯಾಸ ಈಗ 2 ಮಿಲಿಮೀಟರ್. ಹಿಂಬಾಗಿಲು ಹೊಸದು. ಬಣ್ಣ ಇನ್ನೂ ಹೊಡೆದಿಲ್ಲ, ಪ್ರೈಮರ್‌ನಲ್ಲಿ ನಿಂತಿದೆ. ಬಣ್ಣಕ್ಕೆ ಮೊದಲು ನೋಡಿಕೊಳ್ಳಬೇಕಾದದ್ದು ಏನಾದರೂ ಉಳಿದಿದೆಯೇ?

ಪೀಣ್ಯ ಬಿಡಿಭಾಗ

ಸೀಟ್‌ಬೆಲ್ಟ್. ಎಡ ಪಿಲ್ಲರ್ ಬುಡದ ಡಬ್ಬಿಯನ್ನು ಬಿಚ್ಚಿ ನೋಡಿಸಿ. ಬೆಲ್ಟನ್ನು ಪೂರ್ತಿ ಎಳೆದು ಬಿಟ್ಟರೆ ಸರಾಗವಾಗಿ ಹಿಂದಕ್ಕೆ ಸುತ್ತಿಕೊಳ್ಳಬೇಕು, ಜಗ್ಗಿದರೆ ತಕ್ಷಣ ಹಿಡಿದು ನಿಲ್ಲಬೇಕು. ಡಬ್ಬಿ ಜಜ್ಜಿದ್ದರೆ ಅಥವಾ ಬೆಲ್ಟಿನ ಅಂಚು ಹರಿದಿದ್ದರೆ ಹೊಸದೇ ಬೇಕು, ಗುಜರಿಯದು ಬೇಡ.

ಕಾಮಾಕ್ಷಿಪಾಳ್ಯದ ಟಿಂಕರ್

ತುಂಬ ಚೆನ್ನಾಗಿ ಮಾಡಿಸಿದ್ದೀರಿ ಮೇಡಂ. ಬಣ್ಣಕ್ಕೆ ಮೊದಲು ಬಾಗಿಲುಗಳನ್ನು ತೂಗುಹಾಕಿಸಿ ಸಂದಿ ನೋಡಿ. ಫೆಂಡರ್‌ಗೂ ಬಾಗಿಲಿಗೂ, ಬಾಗಿಲಿಗೂ ಬಾಗಿಲಿಗೂ, ಮೇಲಿನಿಂದ ಕೆಳಗಿನವರೆಗೆ ಸಂದಿ ಒಂದೇ ಸಮ ಇರಬೇಕು, ಬಲಗಡೆಯಂತೆಯೇ. ಒಂದು ಕಾಗದವನ್ನು ಬೀಡಿಂಗ್ ಮೇಲಿಟ್ಟು ಬಾಗಿಲು ಮುಚ್ಚಿ ಎಳೆಯಿರಿ. ಸುತ್ತಲೂ ಒಂದೇ ಬಿಗಿ ಸಿಗಬೇಕು. ಸಲೀಸಾಗಿ ಜಾರಿದ ಕಡೆಯಿಂದ ನೀರು ಬರುತ್ತದೆ.

ಬೆಸೆದ ಜಾಗಗಳ ಹೊರಗೆ ಪ್ರೈಮರ್ ಇದೆ, ಒಳಗೆ? ರನ್ನಿಂಗ್ ಬೋರ್ಡ್ ಒಳಗಡೆ ಟೊಳ್ಳು. ವೆಲ್ಡಿಂಗ್ ಬಿಸಿಗೆ ಒಳಗಿನ ಬಣ್ಣ ಸುಟ್ಟು ಬರಿಯ ಉಕ್ಕು ಉಳಿದಿರುತ್ತದೆ. ಜೋಡಣೆಯ ಗೆರೆಗಳಿಗೆ ಸೀಲರ್ ಹಚ್ಚಿಸಿ. ಬಣ್ಣವೆಲ್ಲ ಒಣಗಿದ ಮೇಲೆ ಒಳಗಿನ ಟೊಳ್ಳಿಗೆ ಉದ್ದ ಕೊಳವೆಯಿಂದ ತುಕ್ಕುನಿರೋಧಕ ಮೇಣ ಸಿಂಪಡಿಸಲು ಹೇಳಿ. ಈ ಕೆಲಸ ಯಾರ ಕಣ್ಣಿಗೂ ಬೀಳುವುದಿಲ್ಲ, ಅದಕ್ಕೇ ಬಹಳ ಜನ ಬಿಟ್ಟುಬಿಡುತ್ತಾರೆ. ಬಾಗಿಲಿನ ಕೆಳ ಅಂಚಿನಲ್ಲೂ ರನ್ನಿಂಗ್ ಬೋರ್ಡಿನ ಅಡಿಯಲ್ಲೂ ನೀರು ಹೋಗುವ ಸಣ್ಣ ರಂಧ್ರಗಳಿವೆ. ಸೀಲರೋ ಪುಟ್ಟಿಯೋ ಅವನ್ನು ಮುಚ್ಚಿದ್ದರೆ ಕಡ್ಡಿ ಹಾಕಿ ತೆರೆಸಿ. ಬಾಗಿಲಿನ ಒಳಗಿನ ತೆಳು ಪ್ಲಾಸ್ಟಿಕ್ ಹಾಳೆಯನ್ನು ಹರಿದು ಎಸೆಯದೆ ಮತ್ತೆ ಅಂಟಿಸಬೇಕು, ಇಲ್ಲದಿದ್ದರೆ ಗಾಜಿನ ಸಂದಿಯಿಂದ ಇಳಿದ ನೀರು ನೇರ ಕಾರ್ಪೆಟ್‌ಗೆ ಬರುತ್ತದೆ.

ಗಾಡಿಯನ್ನು ತೆಗೆದುಕೊಳ್ಳುವ ಮೊದಲು ಅಲ್ಲೇ ಪೈಪಿನಿಂದ ಎಡಬದಿಗೆ ಚೆನ್ನಾಗಿ ನೀರು ಬಿಡಿಸಿ, ಕಾರ್ಪೆಟ್ ಎತ್ತಿ ಕೈಯಿಟ್ಟು ನೋಡಿ. ಒದ್ದೆಯಾಗಿದ್ದರೆ ಬಿಲ್ ಕಟ್ಟಬೇಡಿ. ಸ್ವಲ್ಪ ದಿನ ಓಡಿಸಿದ ಮೇಲೆ ಅಲೈನ್‌ಮೆಂಟ್ ಇನ್ನೊಮ್ಮೆ ಮಾಡಿಸಿ, ಎರಡು ಚೀಟಿಗಳನ್ನೂ ಸರ್ವೇ ವರದಿಯ ಜೊತೆ ಇಟ್ಟುಕೊಳ್ಳಿ. ವಕೀಲರು ಹೇಳಿದ ಅರ್ಜಿಗೂ ಬೇಕಾಗುತ್ತದೆ.